ಒಂದು ಪ್ರತಿ ಸಾಲದು: ಕಿಸೆಯ ಪೆಟ್ಟಿಗೆಯೂ ಮಾಹಿತಿಯ ರಕ್ಷಣೆಯೂ

ಭೀಮಾನದಿಯು ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಮಹಾರಾಷ್ಟ್ರದ ಬಯಲನ್ನು ಹಾದು, ಕನ್ನಡ ನಾಡಿನ ಗಡಿಯನ್ನು ಮುಟ್ಟುತ್ತದೆ. ಇಂಡಿ ತಾಲ್ಲೂಕಿನಲ್ಲಿ ಅದರ ದಂಡೆಯ ಮೇಲಿರುವ ಊರುಗಳಲ್ಲಿ ಅಗರಖೇಡವೂ ಒಂದು. ಬೇಸಗೆಯಲ್ಲಿ ಸೊರಗಿ ಹರಿಯುವ ಈ ಹೊಳೆಯು, ಮೇಲಿನ ಸೀಮೆಯಲ್ಲಿ ಮಳೆ ಸುರಿದು ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದಂಡೆಯನ್ನು ಮೀರಿ ಹೊಲಮನೆಗಳತ್ತ ಬರುತ್ತದೆ. ೨೦೨೦ರ ಅಕ್ಟೋಬರ್ ತಿಂಗಳಲ್ಲಿ ಬಂದ ಮಹಾಪೂರವನ್ನು ಇಂಡಿ, ಸಿಂದಗಿ ತಾಲ್ಲೂಕುಗಳ ನದೀತೀರದ ಜನರು ಮರೆಯುವಂತಿಲ್ಲ.

ನೀರು ಹೊಸ್ತಿಲ ಬಳಿಗೆ ಬಂದಾಗ ಮನೆಯವರು ಎತ್ತಿಕೊಂಡು ನಡೆಯುವುದೇನನ್ನು? ಮಕ್ಕಳು, ಮುದುಕರು, ದನಕರುಗಳು, ಕಾಳಿನ ಚೀಲ—ಇವೆಲ್ಲ ಆದ ಬಳಿಕ ಟ್ರಂಕು. ಹೊಲದ ಉತಾರ, ಖರೀದಿಪತ್ರ, ಮಕ್ಕಳ ಅಂಕಪಟ್ಟಿ, ಮದುವೆಯ ಭಾವಚಿತ್ರ, ಎಲ್ಲವೂ ಅದರೊಳಗೆ ಇರುತ್ತಿದ್ದುವು. ಈಗ ಆ ಟ್ರಂಕಿನ ಅರ್ಧಭಾಗವು ಅಂಗೈಯಗಲದ ಒಂದು ಪೆಟ್ಟಿಗೆಯೊಳಗೆ ಸೇರಿಹೋಗಿದೆ. ಅದನ್ನೇ ನಾವು ಹಾರ್ಡ್ ಡಿಸ್ಕ್ ಎನ್ನುತ್ತೇವೆ. ಗಣಕಯಂತ್ರದ ಹೊರಗಿದ್ದು, ಒಂದು ತಂತಿಯ ಮೂಲಕ ಅದಕ್ಕೆ ಜೋಡಿಸಬಹುದಾದ ಈ ಸಾಧನವು ಇಂದು ಶಾಲಾಮಾಸ್ತರರ ಮನೆಯಲ್ಲಿಯೂ ಉಂಟು, ಊರಿನ ಫೋಟೋ ಸ್ಟುಡಿಯೋದಲ್ಲಿಯೂ ಉಂಟು, ನಿಂಬೆಯ ತೋಟದ ಲೆಕ್ಕವಿಡುವ ರೈತನ ಕಪಾಟಿನಲ್ಲಿಯೂ ಉಂಟು.

“ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಹಾಕಿದ್ದೇನೆ, ಇನ್ನು ಭಯವಿಲ್ಲ” ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಈ ಮಾತಿನಲ್ಲಿಯೇ ಒಂದು ದೊಡ್ಡ ತಪ್ಪು ಅಡಗಿದೆ. ಫೋನಿನಲ್ಲಿ ಅಥವಾ ಗಣಕಯಂತ್ರದಲ್ಲಿ ಇದ್ದುದನ್ನು ಹಾರ್ಡ್ ಡಿಸ್ಕಿಗೆ ಹಾಕಿ, ಜಾಗ ಬೇಕೆಂದು ಮೂಲವನ್ನು ಅಳಿಸಿಬಿಟ್ಟರೆ, ಮೊದಲು ಇದ್ದುದು ಒಂದೇ ಪ್ರತಿ, ಈಗ ಇರುವುದೂ ಒಂದೇ ಪ್ರತಿ. ಅದು ಸ್ಥಳವನ್ನು ಬದಲಿಸಿತೇ ಹೊರತು ರಕ್ಷಣೆಯನ್ನು ಪಡೆಯಲಿಲ್ಲ. ಮಾಹಿತಿಯನ್ನು ಕಾಯತಕ್ಕದ್ದು ಪೆಟ್ಟಿಗೆಯಲ್ಲ, ಪ್ರತಿಗಳ ಸಂಖ್ಯೆ. ಆ ಪ್ರತಿಗಳೂ ಒಂದೇ ಗಂಡಾಂತರಕ್ಕೆ ಒಟ್ಟಿಗೆ ಸಿಲುಕದಂತೆ ಇರಬೇಕು. ಈ ಲೇಖನದಲ್ಲಿ ಹೇಳಬೇಕಾದುದು ಮುಖ್ಯವಾಗಿ ಇಷ್ಟೇ. ಆದರೆ ಇದರ ಹಿಂದಿನ ಕಾರಣಗಳನ್ನು ತಿಳಿದವನು ಮಾತ್ರವೇ ಇದನ್ನು ಸರಿಯಾಗಿ ಆಚರಿಸಬಲ್ಲನು.

ತಾಳೆಗರಿಯ ಪಾಠ

ವಿಜಯಪುರದ ಸೀಮೆಗೆ ಈ ಪಾಠವು ಹೊಸದಲ್ಲ. ಬಸವಣ್ಣನವರ ಹೆಸರನ್ನು ಹೊತ್ತ ಬಾಗೇವಾಡಿಯು ಇದೇ ಜಿಲ್ಲೆಯದು. ಹನ್ನೆರಡನೆಯ ಶತಮಾನದ ಶರಣರ ವಚನಗಳು ನಮ್ಮವರೆಗೆ ಬಂದುದು ಹೇಗೆ? ಕಲ್ಯಾಣದ ವಿಪ್ಲವದ ತರುವಾಯ ಶರಣರು ನಾಡಿನ ಮೂಲೆಮೂಲೆಗೆ ಚದುರಿದರು. ತಾಳೆಗರಿಯಾದರೋ ಅಮರವಸ್ತುವಲ್ಲ. ಹುಳು ಅದನ್ನು ಕೊರೆಯುತ್ತದೆ, ತೇವ ಕೊಳೆಸುತ್ತದೆ, ಬೆಂಕಿ ಸುಡುತ್ತದೆ. ಇಂದು ನಮಗೆ ದೊರೆಯುವ ವಚನದ ಕಟ್ಟುಗಳು ಶರಣರ ಕಾಲದ ಓಲೆಗಳಲ್ಲ. ಪ್ರತಿಯ ಪ್ರತಿ, ಅದರ ಪ್ರತಿ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ವಚನಗಳನ್ನು ಕೂಡಿಸಿ ಸಂಕಲಿಸುವ ಕಾರ್ಯವು ವಿಶೇಷವಾಗಿ ನಡೆಯಿತು. ಆ ಬಳಿಕ ಅವು ಮಠಗಳಲ್ಲಿಯೂ ಮನೆಗಳಲ್ಲಿಯೂ ತಲೆಮಾರಿನಿಂದ ತಲೆಮಾರಿಗೆ ಪ್ರತಿಗೊಂಡು ಉಳಿದುವು. ಒಂದು ಊರಿನ ಕಟ್ಟು ಗೆದ್ದಲಿಗೆ ಆಹುತಿಯಾದರೆ ಇನ್ನೊಂದು ಊರಿನ ಕಟ್ಟು ಉಳಿಯುತ್ತಿದ್ದಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಓಲೆಗಳನ್ನು ಮನೆಮನೆಗೆ ಹೋಗಿ ಹುಡುಕಿದವರು ವಿಜಯಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ೧೮೮೦ರಲ್ಲಿ ಧಾರವಾಡದಲ್ಲಿ ಜನಿಸಿದ ಇವರು ವಿಜಯಪುರವನ್ನೇ ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ತಮ್ಮ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಓಲೆಗಳನ್ನು ಒಂದೆಡೆ ಕೂಡಿಹಾಕಿ ಬೀಗ ಹಾಕಿದ್ದರೆ ಒಂದು ಬೆಂಕಿಯ ಕಿಡಿಗೆ ಎಲ್ಲವೂ ಹೋಗಬಹುದಾಗಿತ್ತು. ಕೂಡಿಸಿದುದನ್ನು ಅಚ್ಚುಹಾಕಿ ಮತ್ತೆ ನಾಡಿನ ತುಂಬ ಹರಡಿದರು. ಓದುಗರ ಕೈಗೆ ವಚನಗಳು ಬಂದುದರ ಜೊತೆಗೆ, ಅವು ನಾಶವಾಗುವ ಸಂಭವವೂ ಅಂದಿಗೆ ತಪ್ಪಿತು.

೧೯೯೩ರಲ್ಲಿ ಕರ್ನಾಟಕ ಸರಕಾರವು ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ವು ಹದಿನೈದು ಸಂಪುಟಗಳಷ್ಟಿದೆ. ಅದರ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳನ್ನು ಗಣಕದ ಅಕ್ಷರಗಳಲ್ಲಿ ಬರೆದಿಟ್ಟರೆ, ಅವು ಅತಿ ಸಣ್ಣ ಪೆನ್‌ಡ್ರೈವಿನ ಒಂದು ಮೂಲೆಯಲ್ಲಿ ಹಿಡಿಸುತ್ತವೆ. ಸಂಗ್ರಹಿಸುವ ಶ್ರಮವು ಇಷ್ಟು ಇಳಿದುಹೋಗಿರುವಾಗ ಕಳೆದುಕೊಳ್ಳುವುದೂ ಅಷ್ಟೇ ಸುಲಭವಾಗಿದೆ ಎಂಬುದನ್ನು ನಾವು ಮರೆಯಬಾರದು.

ಪೆಟ್ಟಿಗೆಯ ಒಳಗೆ

೧೯೫೬ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಮೊದಲನೆಯ ಹಾರ್ಡ್ ಡಿಸ್ಕನ್ನು ಹೊರತಂದಿತು. ಅದರಲ್ಲಿ ಎರಡಡಿ ವ್ಯಾಸದ ಐವತ್ತು ತಟ್ಟೆಗಳು ಇದ್ದುವು. ತೂಕ ಒಂದು ಟನ್ನಿಗೆ ಕಡಿಮೆಯಿರಲಿಲ್ಲ. ಅದು ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು, ಇಂದಿನ ಲೆಕ್ಕದಲ್ಲಿ ನಾಲ್ಕು ಮೆಗಾಬೈಟಿಗೂ ಕಡಿಮೆ. ಗಣಕದಲ್ಲಿ ಸಾಮಾನ್ಯವಾಗಿ ಒಂದು ಕನ್ನಡ ಲಿಪಿಚಿಹ್ನೆಗೆ ಮೂರು ಬೈಟು ಜಾಗ ಬೇಕು. ಮುನ್ನೂರು ಪುಟದ ಒಂದು ಕನ್ನಡ ಪುಸ್ತಕಕ್ಕೆ ಎರಡು ಮೆಗಾಬೈಟು ಎಂದು ಹಿಡಿದರೆ, ಆ ಒಂದು ಟನ್ನಿನ ಯಂತ್ರದಲ್ಲಿ ಎರಡು ಪುಸ್ತಕಗಳೂ ಪೂರ್ತಿ ಹಿಡಿಯುತ್ತಿರಲಿಲ್ಲ. ಇಂದು ಕಿಸೆಯಲ್ಲಿಡುವ ಒಂದು ಟೆರಾಬೈಟಿನ ಪೆಟ್ಟಿಗೆಯಲ್ಲಿ ಅಂಥ ಐದು ಲಕ್ಷ ಪುಸ್ತಕಗಳು ಹಿಡಿಸುತ್ತವೆ. ಐದು ಲಕ್ಷ ಪುಸ್ತಕಗಳ ಭಂಡಾರವೊಂದು ಮೇಜಿನಿಂದ ಕೆಳಗೆ ಬೀಳುವುದು ಹಿಂದೆ ಸಾಧ್ಯವಿರಲಿಲ್ಲ, ಈಗ ಸಾಧ್ಯವಾಗಿದೆ.

ಈ ಪೆಟ್ಟಿಗೆಯೊಳಗೆ ಕನ್ನಡಿಯಂತೆ ನಯವಾದ ತಟ್ಟೆಗಳು ಇರುತ್ತವೆ. ಅವುಗಳ ಮೇಲೆ ಅತಿ ತೆಳುವಾದ ಕಾಂತವಸ್ತುವಿನ ಲೇಪವಿರುತ್ತದೆ. ಲೇಪದ ಸೂಕ್ಷ್ಮ ಭಾಗಗಳು ಯಾವ ದಿಕ್ಕಿಗೆ ಕಾಂತೀಕರಣಗೊಂಡಿವೆ ಎಂಬುದರಿಂದಲೇ ಸೊನ್ನೆ, ಒಂದುಗಳ ಬರವಣಿಗೆ ಆಗುತ್ತದೆ. ಕಿಸೆಯ ಹಾರ್ಡ್ ಡಿಸ್ಕುಗಳಲ್ಲಿ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ ೫,೪೦೦ ಸುತ್ತು, ಎಂದರೆ ಸೆಕೆಂಡಿಗೆ ತೊಂಬತ್ತು ಸುತ್ತು ತಿರುಗುತ್ತದೆ. ಎರಡೂವರೆ ಅಂಗುಲದ ತಟ್ಟೆಯ ಅಂಚು ಈ ವೇಗದಲ್ಲಿ ಗಂಟೆಗೆ ಸುಮಾರು ೬೫ ಕಿಲೋಮೀಟರಿನಂತೆ ಓಡುತ್ತದೆ. ಓದುವ, ಬರೆಯುವ ಶಿರವು ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವಿಕೆಯಿಂದ ಉಂಟಾಗುವ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವು ಇದರ ಹತ್ತಾರು ಸಾವಿರ ಪಟ್ಟು. ಶಿರಕ್ಕೂ ತಟ್ಟೆಗೂ ನಡುವೆ ಹೊಗೆಯ ಕಣವೂ ದಾಟಲಾರದು.

ತಟ್ಟೆಯು ತಿರುಗುತ್ತಿರುವಾಗ ಪೆಟ್ಟಿಗೆ ಬಿದ್ದರೆ ಅಪಾಯವೇಕೆ ಹೆಚ್ಚು ಎಂಬುದು ಇದರಿಂದಲೇ ತಿಳಿಯುತ್ತದೆ. ಕೆಲಸವಿಲ್ಲದಾಗ ಶಿರವು ತಟ್ಟೆಯಿಂದ ಸರಿದು ತನ್ನ ನಿಲ್ದಾಣದಲ್ಲಿ ಕೂತಿರುತ್ತದೆ; ಕೆಲಸದಲ್ಲಿರುವಾಗ ಏಟು ಬಿದ್ದರೆ ತಟ್ಟೆಗೆ ಬಡಿದು ಲೇಪವನ್ನೇ ಕೆರೆದುಬಿಡುತ್ತದೆ. ಕೆರೆದುಹೋದ ಜಾಗದಲ್ಲಿದ್ದ ಭಾವಚಿತ್ರವನ್ನು ಯಾವ ತಜ್ಞನೂ ಮರಳಿಸಲಾರನು. ಆದುದರಿಂದ ಹಾರ್ಡ್ ಡಿಸ್ಕನ್ನು ಮೇಜಿನ ಅಂಚಿನಲ್ಲಿಡದೆ, ತಂತಿಯು ಕಾಲಿಗೆ ತೊಡರದಂತೆ, ಚಪ್ಪಟೆಯಾಗಿ ಇಟ್ಟು ಕೆಲಸ ಮಾಡಬೇಕು; ಓಡುತ್ತಿರುವಾಗ ಎತ್ತಬಾರದು. ಇನ್ನೊಂದು ಮಾತು: ಗಾಳಿ ತುಂಬಿದ ಸಾಮಾನ್ಯ ಡಿಸ್ಕಿನಲ್ಲಿ ಒಳಗಿನ, ಹೊರಗಿನ ಒತ್ತಡಗಳು ಸಮವಾಗುವುದಕ್ಕಾಗಿ ಶೋಧಕವಿರುವ ಸಣ್ಣ ರಂಧ್ರವೊಂದು ಇರುತ್ತದೆ. ಅದು ಧೂಳನ್ನು ತಡೆಯುತ್ತದೆ, ನೆರೆಯ ನೀರನ್ನು ತಡೆಯುವುದಿಲ್ಲ.

ಸೆರೆಯಲ್ಲಿರುವ ಎಲೆಕ್ಟ್ರಾನುಗಳು

ತಿರುಗುವ ಭಾಗವೇ ಇಲ್ಲದ ಇನ್ನೊಂದು ಜಾತಿಯ ಸಂಗ್ರಾಹಕವುಂಟು. ಪೆನ್‌ಡ್ರೈವ್, ಫೋನಿನ ಮೆಮೊರಿ ಕಾರ್ಡ್, ಎಸ್‌ಎಸ್‌ಡಿ ಇವೆಲ್ಲ ಆ ಗುಂಪಿಗೆ ಸೇರಿದುವು. ಇವುಗಳಲ್ಲಿರುವ ಫ್ಲ್ಯಾಷ್ ಸ್ಮೃತಿಯನ್ನು ರೂಪಿಸಿದವರು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಾಸುವೋಕಾ. ೧೯೮೪ರಲ್ಲಿ ಇದು ವಿಜ್ಞಾನಿಗಳ ಮುಂದೆ ಬಂದಿತು. ಇಲ್ಲಿ ಪ್ರತಿಯೊಂದು ಸೂಕ್ಷ್ಮ ಕೋಶದಲ್ಲಿಯೂ ಎಲೆಕ್ಟ್ರಾನುಗಳನ್ನು ವಿದ್ಯುತ್ತು ಹರಿಯದ ಗೋಡೆಯೊಳಗೆ ಸೆರೆಹಿಡಿಯಲಾಗುತ್ತದೆ. ಸೆರೆಯಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದೇ ಬರವಣಿಗೆ.

ಇದು ಬಿದ್ದರೆ ಬೇಗನೆ ಕೆಡುವುದಿಲ್ಲ, ಬೇಗನೆ ಓದಿಸಿಕೊಳ್ಳುತ್ತದೆ. ಆದರೆ ಇದಕ್ಕೂ ಎರಡು ದೌರ್ಬಲ್ಯಗಳಿವೆ. ಪ್ರತಿಸಲ ಬರೆದು ಅಳಿಸುವಾಗಲೂ ಆ ಗೋಡೆ ಸ್ವಲ್ಪ ಸವೆಯುತ್ತದೆ. ಇಂದಿನ ಕೋಶಗಳು ಕೆಲವು ನೂರರಿಂದ ಕೆಲವು ಸಾವಿರ ಸಲದವರೆಗೆ ತಾಳಬಲ್ಲವು. ಎರಡನೆಯದಾಗಿ, ಸೆರೆಯಲ್ಲಿದ್ದ ಎಲೆಕ್ಟ್ರಾನುಗಳು ಕಾಲಕ್ರಮದಲ್ಲಿ ಒಂದೊಂದಾಗಿ ನುಸುಳಿಹೋಗುತ್ತವೆ. ಸೆಕೆ ಹೆಚ್ಚಾದಷ್ಟೂ ಈ ನುಸುಳುವಿಕೆ ಹೆಚ್ಚು. ಗೃಹಬಳಕೆಯ ಎಸ್‌ಎಸ್‌ಡಿಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನಕದ ಪ್ರಕಾರ, ತನ್ನ ಬರಹದ ಆಯುಷ್ಯವನ್ನು ಪೂರ್ತಿ ಮುಗಿಸಿದ ಡ್ರೈವು ವಿದ್ಯುತ್ತಿಲ್ಲದೆ ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಹಿಡಿದಿಡಬೇಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಡುವುದು ನಿಜ. ಆದರೆ ಬೇಸಗೆಯಲ್ಲಿ ೪೦ ಡಿಗ್ರಿಯನ್ನು ದಾಟುವ ನಮ್ಮ ಬಯಲುಸೀಮೆಯಲ್ಲಿ, ತಗಡಿನ ಮಾಡಿನ ಕೋಣೆಯ ಕಪಾಟಿನೊಳಗೆ, ಹಳೆಯ ಪೆನ್‌ಡ್ರೈವೊಂದನ್ನು ವರ್ಷಗಟ್ಟಲೆ ಮರೆತು ಇಡುವುದು ವಿವೇಕವಲ್ಲ. ಪೆನ್‌ಡ್ರೈವು ಮಾಹಿತಿಯನ್ನು ಸಾಗಿಸಲು ಯೋಗ್ಯ, ಕಾಪಿಡಲು ಅಲ್ಲ.

ಸಂತೆಯಲ್ಲಿಯೂ ಅಂತರಜಾಲದಲ್ಲಿಯೂ ಅತಿ ಅಗ್ಗದ ಬೆಲೆಗೆ ಮಾರುವ “ಎರಡು ಟೆರಾಬೈಟಿನ” ಪೆನ್‌ಡ್ರೈವುಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಇವುಗಳಲ್ಲಿ ಹಲವು ತಮ್ಮ ಗಾತ್ರದ ಬಗೆಗೆ ಗಣಕಯಂತ್ರಕ್ಕೆ ಸುಳ್ಳು ಹೇಳುವಂತೆ ತಯಾರಾದುವು. ನಿಜವಾದ ಜಾಗ ತುಂಬಿದ ಮೇಲೆ ಬರೆದುದೆಲ್ಲ ಶೂನ್ಯಕ್ಕೆ ಹೋಗುತ್ತದೆ. ಕಡತದ ಹೆಸರು ಕಾಣುತ್ತದೆ, ಒಳಗೆ ಏನೂ ಇರುವುದಿಲ್ಲ. ಆದರೆ ಒಂದು ಟೆರಾಬೈಟಿನ ನಿಜವಾದ ಡಿಸ್ಕು ಗಣಕಯಂತ್ರದಲ್ಲಿ ೯೩೧ ಎಂದು ತೋರಿದರೆ ಮೋಸವೆಂದು ತಿಳಿಯಬಾರದು. ತಯಾರಕರು ಸಾವಿರದ ಲೆಕ್ಕದಲ್ಲಿಯೂ ಗಣಕವು ೧,೦೨೪ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ವ್ಯತ್ಯಾಸ ಬರುತ್ತದೆ.

ಅಪಾಯಗಳ ಗುಣಾಕಾರ

ಸಾವಿರಾರು ಡಿಸ್ಕುಗಳನ್ನು ಹಗಲಿರುಳು ಓಡಿಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಸ್ಥೆಯು ತನ್ನ ಡಿಸ್ಕುಗಳ ಸಾವಿನ ಲೆಕ್ಕವನ್ನು ಹಲವು ವರ್ಷಗಳಿಂದ ಪ್ರಕಟಿಸುತ್ತ ಬಂದಿದೆ. ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಕೆಡುತ್ತವೆ ಎಂಬುದು ಅದರ ಸ್ಥೂಲ ಸಾರ. ತಂಪಾದ ಕೋಣೆಯಲ್ಲಿ ಕದಲದೆ ಕೂತ ಡಿಸ್ಕುಗಳ ಗತಿ ಇದು. ಚೀಲದಲ್ಲಿ ಬಿದ್ದು ಬಸ್ಸಿನಲ್ಲಿ ಕುಲುಕಾಡುವ ಡಿಸ್ಕಿಗೆ ಇಷ್ಟು ಭಾಗ್ಯವನ್ನು ನಿರೀಕ್ಷಿಸಲಾಗದು. ಆದರೂ ಲೆಕ್ಕಕ್ಕಾಗಿ ಐವತ್ತರಲ್ಲಿ ಒಂದು ಎಂದು ಇಟ್ಟುಕೊಳ್ಳೋಣ.

ಒಂದೇ ಡಿಸ್ಕು ಇದ್ದರೆ, ಒಂದು ವರ್ಷದೊಳಗೆ ಸರ್ವಸ್ವವನ್ನೂ ಕಳೆದುಕೊಳ್ಳುವ ಸಂಭವ ಐವತ್ತರಲ್ಲಿ ಒಂದು. ಎರಡು ಇದ್ದರೆ, ಎರಡೂ ಅದೇ ವರ್ಷ ಕೆಡುವ ಸಂಭವ ಐವತ್ತು ಗುಣಿಸು ಐವತ್ತು, ಎಂದರೆ ೨,೫೦೦ರಲ್ಲಿ ಒಂದು. ಮೂರು ಇದ್ದರೆ ೧,೨೫,೦೦೦ದಲ್ಲಿ ಒಂದು. ಒಂದೊಂದು ಪ್ರತಿ ಸೇರಿದಂತೆ ಅಪಾಯವು ಐವತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಮೊದಲನೆಯದು ಕೆಟ್ಟೊಡನೆ ಅದರ ಜಾಗದಲ್ಲಿ ಹೊಸದನ್ನು ಸಿದ್ಧಮಾಡಿಕೊಂಡರೆ ಅಪಾಯವು ಇನ್ನೂ ಕಡಿಮೆ.

ಆದರೆ ಈ ಗುಣಾಕಾರಕ್ಕೆ ಒಂದು ಕಟ್ಟುಪಾಡುಂಟು. ಒಂದರ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧವಿಲ್ಲದಿದ್ದಾಗ ಮಾತ್ರ ಹೀಗೆ ಗುಣಿಸಬಹುದು. ಎರಡು ಡಿಸ್ಕುಗಳನ್ನೂ ಒಂದೇ ಕಪಾಟಿನಲ್ಲಿಟ್ಟರೆ ನೆರೆಯ ನೀರಿಗೆ ಅವು ಎರಡಲ್ಲ, ಒಂದೇ. ಕಳ್ಳನಿಗೂ ಒಂದೇ, ಬೆಂಕಿಗೂ ಒಂದೇ. ಎರಡನ್ನೂ ಒಂದೇ ಗಣಕಯಂತ್ರಕ್ಕೆ ಸಿಕ್ಕಿಸಿಟ್ಟಾಗ ಸಿಡಿಲು ತಂತಿಯ ಮೂಲಕ ಇಳಿದರೆ ಅವು ಒಂದೇ. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ, ಒಂದೇ ಕಂತಿನಲ್ಲಿ ತಯಾರಾದ ಜೋಡಿ ಡಿಸ್ಕುಗಳಲ್ಲಿಯೂ ಒಂದೇ ಬಗೆಯ ದೋಷ ಅಡಗಿರಬಹುದು. ಹಳಕಟ್ಟಿಯವರಿಗೆ ಬೇರೆಬೇರೆ ಊರುಗಳ ಬೇರೆಬೇರೆ ಮನೆಗಳಲ್ಲಿ ಓಲೆಗಳು ದೊರೆತುದಕ್ಕೆ ಕಾರಣವೂ ಇದೇ: ಆ ಪ್ರತಿಗಳಿಗೆ ಒಂದೇ ಮಾಡು ಇರಲಿಲ್ಲ.

ಅಮೆರಿಕದ ಛಾಯಾಚಿತ್ರಕಾರ ಪೀಟರ್ ಕ್ರೋ ಅವರಿಂದ ಪ್ರಸಿದ್ಧಿಗೆ ಬಂದ “ಮೂರು, ಎರಡು, ಒಂದು” ಎಂಬ ಸೂತ್ರವು ಈ ತತ್ತ್ವವನ್ನೇ ಹೇಳುತ್ತದೆ. ಮಾಹಿತಿಯ ಪ್ರತಿಗಳು ಮೂರು ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿರಲಿ.

ಕೀಳುವ ಮುನ್ನ

ಕಡತವನ್ನು ನಕಲು ಮಾಡುವಾಗ ಪರದೆಯ ಮೇಲಿನ ಪಟ್ಟಿಯು ತುಂಬಿ ಮಾಯವಾಗುತ್ತದೆ. ಕೆಲಸ ಮುಗಿಯಿತೆಂದು ತಂತಿಯನ್ನು ಎಳೆದುಬಿಡುತ್ತೇವೆ. ಆದರೆ ಗಣಕಯಂತ್ರವು ವೇಗಕ್ಕಾಗಿ, ಬರೆಯಬೇಕಾದುದನ್ನು ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಂಡು ನಿಧಾನವಾಗಿ ಡಿಸ್ಕಿಗೆ ಇಳಿಸುತ್ತಿರಬಹುದು. ಅಂಗಡಿಯ ಗುಮಾಸ್ತನು ವ್ಯವಹಾರವನ್ನು ಮೊದಲು ಚೀಟಿಯಲ್ಲಿ ಗುರುತುಹಾಕಿ, ಬಿಡುವಾದಾಗ ಖಾತೆಪುಸ್ತಕಕ್ಕೆ ಏರಿಸುವಂತೆ. ಚೀಟಿಯು ಖಾತೆಗೆ ಏರುವ ಮೊದಲೇ ಪುಸ್ತಕವನ್ನು ಕಸಿದುಕೊಂಡರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ಆ ಕ್ಷಣದಲ್ಲಿ ಬರೆಯುತ್ತಿದ್ದುದು ಡಿಸ್ಕಿನ ಅನುಕ್ರಮಣಿಕೆಯಾಗಿದ್ದರಂತೂ ಹಳೆಯ ಕಡತಗಳ ಗುರುತೂ ತಪ್ಪಿಹೋಗುವುದು.

೨೦೧೮ರ ಕೊನೆಯಿಂದೀಚೆಗೆ ವಿಂಡೋಸ್ ವ್ಯವಸ್ಥೆಯು ಹೊರಗಿನ ಡ್ರೈವುಗಳ ವಿಷಯದಲ್ಲಿ ಈ ತಡಮಾಡುವ ಪದ್ಧತಿಯನ್ನು ಸಾಮಾನ್ಯವಾಗಿ ಬಿಟ್ಟಿದೆ. ಹಾಗಿದ್ದರೂ ಹಿನ್ನೆಲೆಯಲ್ಲಿ ಯಾವುದಾದರೂ ಕಾರ್ಯಕ್ರಮವು ಬರೆಯುತ್ತಿಲ್ಲವೆಂದು ನಾವು ಹೇಗೆ ಬಲ್ಲೆವು? ಆದಕಾರಣ ‘ಇಜೆಕ್ಟ್’ ಎಂಬ ಆಜ್ಞೆಯನ್ನು ಕೊಟ್ಟು, ಒಪ್ಪಿಗೆ ಬಂದ ಮೇಲೆ, ತಟ್ಟೆಯ ತಿರುಗುವಿಕೆ ನಿಲ್ಲಲು ಕೆಲವು ಸೆಕೆಂಡು ಕಾದು, ಬಳಿಕ ತಂತಿಯನ್ನು ತೆಗೆಯುವುದು ಲೇಸು. ಕರೆಂಟು ಹೋಗಿ ಬರುವ ಊರುಗಳಲ್ಲಿ ಮೇಜಿನ ಗಣಕಯಂತ್ರಕ್ಕೆ ಯುಪಿಎಸ್ ಇರಬೇಕು. ಇಲ್ಲದಿದ್ದರೆ ಬ್ಯಾಟರಿಯುಳ್ಳ ಲ್ಯಾಪ್‌ಟಾಪಿನಿಂದಲೇ ನಕಲು ಮಾಡಬೇಕು. ಗುಡುಗು ಮಿಂಚಿನ ಹೊತ್ತಿನಲ್ಲಿ ಈ ಕೆಲಸ ಬೇಡ.

ಸದಾ ಅಂಟಿಕೊಂಡಿರುವ ಪ್ರತಿ

ಹಾರ್ಡ್ ಡಿಸ್ಕನ್ನು ದಿನವಿಡೀ ಗಣಕಯಂತ್ರಕ್ಕೆ ಸಿಕ್ಕಿಸಿಯೇ ಇಡುವವರು ಬಹಳ. ಇದರಿಂದ ಬರುವ ಕೇಡನ್ನು ಜಗತ್ತು ೨೦೧೭ರ ಮೇ ತಿಂಗಳಲ್ಲಿ ಕಂಡಿತು. ವಾನಾಕ್ರೈ ಎಂಬ ದುಷ್ಟ ಕಾರ್ಯಕ್ರಮವು ಕೆಲವೇ ದಿನಗಳಲ್ಲಿ ಸುಮಾರು ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳಿಗೆ ಹಬ್ಬಿತು. ಇಂಥವು ಕಡತಗಳನ್ನು ಕದಿಯಬೇಕಾಗಿಲ್ಲ. ಅವನ್ನು ಗೂಢಲಿಪಿಗೆ ತಿರುಗಿಸಿ, ಬೀಗದಕೈ ಬೇಕಾದರೆ ಹಣ ಕೊಡಿರೆಂದು ಬೇಡಿಕೆಯಿಡುತ್ತವೆ. ಗಣಕಕ್ಕೆ ಕಾಣುವ ಯಾವ ಡ್ರೈವೂ ಅವುಗಳಿಗೆ ಕಾಣುತ್ತದೆ. ಸಿಕ್ಕಿಸಿಟ್ಟ ಹಾರ್ಡ್ ಡಿಸ್ಕು ಮೂಲದ ಜೊತೆಗೇ ಹಾಳಾಗುತ್ತದೆ. ಕಿತ್ತು ಕಪಾಟಿನಲ್ಲಿಟ್ಟ ಡಿಸ್ಕಿಗೆ ಯಾವ ವೈರಸ್ಸೂ ಹತ್ತಲಾರದು.

ಇದೇ ಕಾರಣದಿಂದ ಕ್ಲೌಡ್ ಎಂದು ಕರೆಯಲ್ಪಡುವ ದೂರಸಂಗ್ರಹವನ್ನೂ ವಿವೇಚಿಸಿ ಬಳಸಬೇಕು. ನೆರೆಗೂ ಬೆಂಕಿಗೂ ಸಿಲುಕದ ಬೇರೆ ಸ್ಥಳ ಎಂಬ ದೃಷ್ಟಿಯಿಂದ ಅದು ಉತ್ತಮ. ಆದರೆ ಫೋನಿಗೂ ಕ್ಲೌಡಿಗೂ ನಡುವೆ ಸಾಮಾನ್ಯವಾಗಿ ಇರುವುದು ಕನ್ನಡಿಯ ಸಂಬಂಧ. ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯುತ್ತದೆ. ಕನ್ನಡಿಯಲ್ಲಿ ಕಾಣುವುದು ಇಂದಿನ ಮುಖ ಮಾತ್ರ. ನಿನ್ನೆಯ ಮುಖವನ್ನು ನೋಡಬೇಕಾದರೆ ಭಾವಚಿತ್ರ ಬೇಕು. ರಕ್ಷಣಾಪ್ರತಿಯು ಭಾವಚಿತ್ರದಂತಿರಬೇಕು. ಆದುದರಿಂದ ಹೊಸ ಪ್ರತಿಯನ್ನು ಹಳೆಯದರ ಮೇಲೆಯೇ ಬರೆಯದೆ, ದಿನಾಂಕವಿಟ್ಟ ಬೇರೆ ಫೋಲ್ಡರಿನಲ್ಲಿ ಇಟ್ಟು, ಹಿಂದಿನ ಎರಡು ಮೂರು ಪ್ರತಿಗಳನ್ನಾದರೂ ಉಳಿಸಿಕೊಳ್ಳಬೇಕು.

ಓದಿ ನೋಡದ ಪ್ರತಿ

೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಎಂಬ ಚಲಚ್ಚಿತ್ರವು ತಯಾರಾಗುತ್ತಿದ್ದಿತು. ಯಾರೋ ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಕಡತಗಳು ಕಣ್ಣೆದುರಿಗೇ ಅಳಿಯತೊಡಗಿದುವು. ರಕ್ಷಣಾಪ್ರತಿ ಇದೆಯಲ್ಲಾ ಎಂದು ಸಮಾಧಾನ ತಂದುಕೊಂಡವರು ಅದನ್ನು ತೆಗೆದು ನೋಡಿದಾಗ, ಅದು ಸರಿಯಾಗಿ ಬರೆಯಲ್ಪಟ್ಟೇ ಇರಲಿಲ್ಲ. ಕೊನೆಗೆ ಚಿತ್ರವನ್ನು ಉಳಿಸಿದುದು, ಬಾಣಂತಿಯಾಗಿದ್ದುದರಿಂದ ಮನೆಯಲ್ಲಿಯೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್‌ಮನ್ ಎಂಬವರ ಮನೆಯ ಗಣಕಯಂತ್ರದಲ್ಲಿದ್ದ ಪ್ರತಿ. ಬೇರೆ ಸ್ಥಳದ ಪ್ರತಿಯ ಬೆಲೆಯೂ, ಪರೀಕ್ಷಿಸದ ಪ್ರತಿಯ ನಿರರ್ಥಕತೆಯೂ ಈ ಒಂದೇ ಪ್ರಸಂಗದಿಂದ ತಿಳಿಯುತ್ತವೆ.

ನಮ್ಮ ಹಿಂದಿನ ಲಿಪಿಕಾರರು ಇದನ್ನು ಬಲ್ಲವರಾಗಿದ್ದರು. ಮೂವತ್ತೆರಡು ಅಕ್ಷರಗಳಿಗೆ ಒಂದು ‘ಗ್ರಂಥ’ ಎಂಬ ಅಳತೆಯಿಟ್ಟು, ಕೃತಿಯು ಇಷ್ಟು ಗ್ರಂಥಗಳದ್ದೆಂದು ಎಣಿಸಿ ಹೇಳುವ ಪದ್ಧತಿಯಿದ್ದಿತು. ಪ್ರತಿಯಲ್ಲಿ ಆ ಎಣಿಕೆ ತಪ್ಪಿದರೆ ಏನೋ ಬಿಟ್ಟುಹೋಗಿದೆ ಎಂದು ತಿಳಿಯಬಹುದು. ಇಂದಿನ ಗಣಕದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯುಂಟು. ಕಡತದ ಎಲ್ಲ ಬೈಟುಗಳನ್ನೂ ಒಂದು ಗಣಿತಕ್ರಿಯೆಗೆ ಒಳಪಡಿಸಿದಾಗ ಒಂದು ಮುದ್ರಾಸಂಖ್ಯೆ ಬರುತ್ತದೆ. ಇದಕ್ಕೆ ಹ್ಯಾಷ್ ಎಂದು ಹೆಸರು. ಎಸ್‌ಎಚ್‌ಎ-೨೫೬ ಎಂಬ ವಿಧಾನದಲ್ಲಿ, ಕಡತವು ಎಷ್ಟೇ ದೊಡ್ಡದಿರಲಿ, ಮುದ್ರೆಯನ್ನು ೬೪ ಚಿಹ್ನೆಗಳಲ್ಲಿ ಬರೆಯಬಹುದು. ಕಡತದ ಒಂದೇ ಅಕ್ಷರ ಬದಲಾದರೂ ಮುದ್ರೆಯು ಗುರುತು ಸಿಗದಂತೆ ಬದಲಾಗುತ್ತದೆ. ಮೂಲದ ಮುದ್ರೆಯೂ ಪ್ರತಿಯ ಮುದ್ರೆಯೂ ಒಂದೇ ಆಗಿದ್ದರೆ ನಕಲು ನಿರ್ದುಷ್ಟವೆಂದು ನಂಬಬಹುದು.

ಇಷ್ಟು ಮಾಡಲಾರದವರು ಕನಿಷ್ಠಪಕ್ಷ ಆರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಿ, ಹಳೆಯ ಕಡತಗಳಲ್ಲಿ ಹತ್ತಾರನ್ನು ತೆರೆದು ನೋಡಬೇಕು. ಹೆಸರು ಕಂಡರೆ ಸಾಲದು. ಚಿತ್ರ ಕಾಣಬೇಕು, ಧ್ವನಿ ಕೇಳಬೇಕು.

ಕೆಟ್ಟ ಮೇಲೆ ಮಾಡಬಾರದ ಕೆಲಸಗಳು

ಡಿಸ್ಕು ‘ಟಕ್ ಟಕ್’ ಎಂದು ಸದ್ದು ಮಾಡತೊಡಗಿದರೆ, ಅಥವಾ ಅತಿ ನಿಧಾನವಾಗಿ ತೆರೆಯತೊಡಗಿದರೆ, ಅದು ಎಚ್ಚರಿಕೆಯ ಗಂಟೆ. ನಿಧಾನವಾಗಿದ್ದರೆ ಇನ್ನೊಂದು ಪ್ರತಿಯಿದೆಯೇ ಎಂದು ನೋಡಿ, ಇಲ್ಲವಾದರೆ ಮುಖ್ಯವಾದುದನ್ನು ಮೊದಲು ನಕಲುಮಾಡಿಕೊಳ್ಳಬೇಕು. ಟಕ್ ಸದ್ದು ಬರುತ್ತಿದ್ದರೆ ಕೂಡಲೇ ನಿಲ್ಲಿಸಬೇಕು; ಮತ್ತೆ ಮತ್ತೆ ಸಿಕ್ಕಿಸಿ ನೋಡಿದರೆ ಶಿರವು ಉಳಿದ ಬರಹವನ್ನೂ ಕೆರೆಯುವುದು. “ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು” ಎಂದು ಗಣಕವು ಕೇಳಿದಾಗ ಒಪ್ಪಬಾರದು. ತಪ್ಪಾಗಿ ಕಡತ ಅಳಿಸಿಹೋದರೆ ಆ ಡ್ರೈವಿಗೆ ಹೊಸದಾಗಿ ಏನನ್ನೂ ಬರೆಯಬಾರದು. ನೀರಿನಲ್ಲಿ ನೆನೆದ ಡಿಸ್ಕಿಗೆ ವಿದ್ಯುತ್ ಕೊಡಬಾರದು, ಬಿಚ್ಚಬಾರದು. ಮನೆಯಲ್ಲಿ ಮುಚ್ಚಳ ತೆರೆದರೆ ಒಂದು ಧೂಳಿನ ಕಣ ಸಾಕು, ಉಳಿದ ಆಸೆಯೂ ಹೋಗಲು. ಇಂಥದನ್ನು ತಜ್ಞರಿಗೆ ಒಪ್ಪಿಸುವುದೊಂದೇ ದಾರಿ. ಅದು ಬಹು ವೆಚ್ಚದ ದಾರಿ. ಆ ವೆಚ್ಚದಲ್ಲಿ ಹಲವು ಹೊಸ ಡಿಸ್ಕುಗಳೇ ಬರಬಹುದು.

ಬೀಗವೂ ಬೀಗದಕೈಯೂ

ಪ್ರತಿಗಳು ಹೆಚ್ಚಿದಂತೆ ಇನ್ನೊಂದು ಚಿಂತೆ ಹುಟ್ಟುತ್ತದೆ. ಕಳೆದುಹೋದ ಡಿಸ್ಕು ಪರರ ಕೈಗೆ ಸಿಕ್ಕರೆ? ಬ್ಯಾಂಕಿನ ಪತ್ರಗಳೂ ಆಧಾರಿನ ಪ್ರತಿಯೂ ಮನೆಯ ಹೆಣ್ಣುಮಕ್ಕಳ ಚಿತ್ರಗಳೂ ಅದರಲ್ಲಿರುತ್ತವೆ. ಇದಕ್ಕೆ ಪರಿಹಾರವು ಗೂಢಲೇಖನ. ವಿಂಡೋಸಿನ ಕೆಲವು ಆವೃತ್ತಿಗಳಲ್ಲಿರುವ ಬಿಟ್‌ಲಾಕರ್, ಉಚಿತವಾಗಿ ದೊರೆಯುವ ವೆರಾಕ್ರಿಪ್ಟ್ ಮೊದಲಾದುವು ಇಡೀ ಡಿಸ್ಕಿಗೆ ಬೀಗ ಹಾಕಬಲ್ಲವು. ಆದರೆ ಈ ಬೀಗಕ್ಕೆ ಕಮ್ಮಾರನಿಲ್ಲ. ಗುಟ್ಟಿನ ಪದವನ್ನು ಮರೆತರೆ ಮಾಲೀಕನೂ ಕಳ್ಳನಷ್ಟೇ ಹೊರಗಿನವನು. ಆದುದರಿಂದ ಅದನ್ನು ಕಾಗದದ ಮೇಲೆ ಬರೆದು, ಡಿಸ್ಕಿನ ಜೊತೆಗಲ್ಲದೆ ಬೇರೆ ಕಡೆ ಇಟ್ಟು, ಮನೆಯ ಇನ್ನೊಬ್ಬ ವಿಶ್ವಾಸದ ವ್ಯಕ್ತಿಗೆ ತಿಳಿಸಿರಬೇಕು. ಯಜಮಾನನು ತೀರಿಕೊಂಡ ಮೇಲೆ ಮೊಮ್ಮಕ್ಕಳ ಚಿತ್ರಗಳೆಲ್ಲ ತೆರೆಯದ ಪೆಟ್ಟಿಗೆಯೊಳಗೆ ಉಳಿಯುವಂತಾಗಬಾರದು.

ಒಂದು ಮನೆಯ ವ್ಯವಸ್ಥೆ

ಕೊನೆಗೆ ಭೀಮಾತೀರದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಗರಖೇಡದಲ್ಲಿ ತಂದೆತಾಯಿ, ವಿಜಯಪುರದಲ್ಲಿ ಸಂಸಾರ ಹೂಡಿರುವ ಮಗಳು. ಇವರು ಮಾಡತಕ್ಕ ಮೊದಲ ಕೆಲಸವೆಂದರೆ ಕಳೆದರೆ ಮತ್ತೆ ದೊರೆಯುವುದನ್ನೂ ದೊರೆಯದುದನ್ನೂ ಬೇರ್ಪಡಿಸುವುದು. ಹೊಲದ ಉತಾರವು ೨೦೦೦ದಿಂದೀಚೆಗೆ ‘ಭೂಮಿ’ ಯೋಜನೆಯ ಮೂಲಕ ಗಣಕಕ್ಕೆ ಏರಿದೆ; ಸರಕಾರದಿಂದ ಮತ್ತೆ ಪಡೆಯಬಹುದು. ಹಲವು ಪ್ರಮಾಣಪತ್ರಗಳು ೨೦೧೫ರಲ್ಲಿ ಬಂದ ಡಿಜಿಲಾಕರಿನಲ್ಲಿ ದೊರೆಯುತ್ತವೆ. ಸಿನಿಮಾ, ಹಾಡುಗಳನ್ನು ಯಾರಿಂದಲಾದರೂ ತರಬಹುದು. ಆದರೆ ತೀರಿಕೊಂಡ ಅಜ್ಜಿಯು ಬೀಸುಕಲ್ಲಿನ ಪದ ಹಾಡಿದ ಧ್ವನಿ, ಮಗುವಿನ ಮೊದಲ ಹೆಜ್ಜೆಯ ಚಿತ್ರ, ಹತ್ತು ವರ್ಷಗಳ ತೋಟದ ಲೆಕ್ಕ—ಇವು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಮೂರು ಪ್ರತಿ ಬೇಕಾದುದು ಇವುಗಳಿಗೆ. ವಿಂಗಡಿಸಿದರೆ ಇವು ಬಹಳ ಜಾಗವನ್ನು ಬೇಡುವುದಿಲ್ಲ.

ಎರಡು ಹಾರ್ಡ್ ಡಿಸ್ಕುಗಳನ್ನು ಬೇರೆಬೇರೆ ಕಾಲದಲ್ಲಿ, ಸಾಧ್ಯವಾದರೆ ಬೇರೆಬೇರೆ ತಯಾರಕರಿಂದ ಕೊಳ್ಳಲಿ. ಮೂಲವು ಗಣಕದಲ್ಲಿಯೇ ಇರಲಿ. ಒಂದನೆಯ ಡಿಸ್ಕು ಅಗರಖೇಡದ ಮನೆಯಲ್ಲಿ, ಎತ್ತರದ ಒಣ ಜಾಗದಲ್ಲಿ, ತಂತಿ ಬಿಚ್ಚಿದ ಸ್ಥಿತಿಯಲ್ಲಿರಲಿ. ತಿಂಗಳಿಗೊಮ್ಮೆ ಅದಕ್ಕೆ ಹೊಸ ಪ್ರತಿ ಏರಲಿ. ಎರಡನೆಯದು ಭೀಮೆಯ ನೆರೆಯು ತಲುಪದ ವಿಜಯಪುರದಲ್ಲಿ ಮಗಳ ಬಳಿ ಇರಲಿ. ಯುಗಾದಿಗೂ ಪಂಚಮಿಗೂ ದೀಪಾವಳಿಗೂ ಆಕೆ ತವರಿಗೆ ಬರುವಾಗ ಅದನ್ನು ತರಲಿ, ಮರಳುವಾಗ ಇಲ್ಲಿದ್ದ ಹೊಸ ಪ್ರತಿಯನ್ನು ಒಯ್ಯಲಿ. ಹೀಗೆ ಎರಡು ಡಿಸ್ಕುಗಳು ಹಬ್ಬದಿಂದ ಹಬ್ಬಕ್ಕೆ ಜಾಗ ಬದಲಿಸುತ್ತಿದ್ದರೆ, ಅವೆರಡೂ ಒಂದೇ ಮಾಡಿನ ಕೆಳಗೆ ಇರುವುದು ವರ್ಷದಲ್ಲಿ ಕೆಲವೇ ದಿನ. ಐದಾರು ವರ್ಷ ತುಂಬಿದ ಡಿಸ್ಕನ್ನು, ಅದು ಇನ್ನೂ ನಡೆಯುತ್ತಿರುವಾಗಲೇ, ಹೊಸದಕ್ಕೆ ಇಳಿಸಿಬಿಡಬೇಕು. ಓಲೆಯು ಪುಡಿಯಾಗುವ ಮುನ್ನವೇ ಪ್ರತಿಮಾಡಿದ ಲಿಪಿಕಾರನ ನೀತಿಯೇ ಇದು.

ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ, ತಿಳಿಯದವರ ಕೈಯಿಂದ ತನ್ನ ಗ್ರಂಥವನ್ನು ಕಾಪಾಡಿರೆಂದು ಓದುಗರನ್ನು ಬೇಡಿಕೊಳ್ಳುವುದು ಹಿಂದಿನ ಲಿಪಿಕಾರರ ವಾಡಿಕೆಯಾಗಿದ್ದಿತು. ಓಲೆ ಹೋಗಿ ಕಾಗದ ಬಂದು, ಕಾಗದದ ಜೊತೆಗೆ ಕಾಂತದ ತಟ್ಟೆ ಬಂದರೂ ಆ ಬಿನ್ನಹದಲ್ಲಿ ಬದಲಿಸಬೇಕಾದ ಮಾತು ಹೆಚ್ಚಿಲ್ಲ. ಮುಂದೊಂದು ದಿನ ಭೀಮೆಯು ಮತ್ತೆ ದಂಡೆ ಮೀರಿದಾಗ, ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಹೊರಡುವ ಗಡಿಬಿಡಿಯಲ್ಲಿ ಆ ಸಣ್ಣ ಪೆಟ್ಟಿಗೆಯನ್ನು ಮರೆತುಹೋದರೂ ಚಿಂತೆಯಿಲ್ಲ ಎಂಬ ಸ್ಥಿತಿಯಲ್ಲಿ ನಾವಿರಬೇಕು. ಅಜ್ಜಿಯ ಹಾಡು ಆಗ ವಿಜಯಪುರದ ಮನೆಯಲ್ಲಿ ಒಣಗಿದ ಕಪಾಟಿನೊಳಗೆ ಕ್ಷೇಮವಾಗಿರುವುದು.